ಚೌಕ ತುಂಬಿದರೂ ಕುರ್ಚಿ ಯಾಕೆ ಅಲ್ಲಾಡೋದಿಲ್ಲ?

ಕಟ್ಟೆಮಾತು

ಬಹಳ ದಿನದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ. ಇಲ್ಲಿ ಓದಿಕೊಂಡವರು ಜಾಸ್ತಿ ಇದ್ದೀರಿ, ಅದಕ್ಕೇ ಹಾಕುತ್ತಿದ್ದೇನೆ.

2020ರ ಆಗಸ್ಟ್ 17. ಬೆಲಾರುಸ್‌ನ ರಾಜಧಾನಿ ಮಿನ್ಸ್ಕ್. ಮಿಲಿಟರಿಗೆ ಭಾರಿ ಟ್ರಕ್ ಮಾಡಿಕೊಡುವ ಒಂದು ಸರ್ಕಾರಿ ಕಾರ್ಖಾನೆಗೆ ಅಧ್ಯಕ್ಷ ಲುಕಶೆಂಕೊ ಹೆಲಿಕಾಪ್ಟರ್‌ನಲ್ಲಿ ಬಂದಿಳಿದ. ಎಂಟು ದಿನದ ಹಿಂದಷ್ಟೇ ಚುನಾವಣೆ ಮುಗಿದಿತ್ತು. ಶೇ 80ರಷ್ಟು ಮತ ಅವನಿಗೇ ಬಂದಿದೆ ಅಂತ ಘೋಷಣೆಯೂ ಆಗಿತ್ತು. ಕಾರ್ಮಿಕರಂತೂ ತನ್ನವರೇ ಎಂಬ ನಂಬಿಕೆ ಇತ್ತೇನೋ. ಮಾತು ಶುರು ಮಾಡಿದ. ಗುಂಪಿನಿಂದ ಒಂದೇ ಕೂಗು: ‘ತೊಲಗು, ತೊಲಗು!’ ಆ ವಿಡಿಯೊದಲ್ಲಿ ಅವನ ಮುಖ ನೋಡಬೇಕು. 26 ವರ್ಷ ಆಳಿದವನಿಗೆ ಎದುರಿಗೇ ಹಾಗೆ ಅಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ ಅನಿಸುತ್ತದೆ.

ಇನ್ನೊಂದು ವಾರದಲ್ಲಿ ಗಂಟುಮೂಟೆ ಕಟ್ಟುತ್ತಾನೆ ಅಂತ ಗೆಳೆಯನ ಹತ್ತಿರ ಪಂದ್ಯ ಕಟ್ಟಿದ್ದೆ. ಸೋತೆ.

ಟುನೀಷಿಯಾ ನೋಡಿ. 2010ರ ಡಿಸೆಂಬರ್ 17ರಂದು ತಳ್ಳುಗಾಡಿಯ ವ್ಯಾಪಾರಿ ಬುವಾಜಿಜಿ ಮೈಗೆ ಬೆಂಕಿ ಹಚ್ಚಿಕೊಂಡ. ಜನವರಿ 14ಕ್ಕೆ, 23 ವರ್ಷ ಆಳಿದ ಬೆನ್ ಅಲಿ ವಿಮಾನ ಹತ್ತಿ ಸೌದಿಗೆ ಓಡಿದ. ಒಂದು ತಿಂಗಳೂ ಹಿಡಿಯಲಿಲ್ಲ. ಈಜಿಪ್ಟಿನಲ್ಲಿ ಮುಬಾರಕ್‌ಗೆ 18 ದಿನ ಸಾಕಾಯಿತು. ಮಿನ್ಸ್ಕ್‌ನಲ್ಲಿ ವಾರಗಟ್ಟಲೆ, ಪ್ರತಿ ಭಾನುವಾರ ಲಕ್ಷಗಟ್ಟಲೆ ಜನ ಬೀದಿಗಿಳಿದರೂ ಏನೂ ಆಗಲಿಲ್ಲ.

ಚೌಕದಲ್ಲಿ ಎಷ್ಟು ಜನ ಸೇರಿದರು ಅನ್ನುವುದು ಮುಖ್ಯವೇ ಅಲ್ಲ ಅನ್ನುವ ಅನುಮಾನ ನನಗೆ. ಲಾಠಿ ಹಿಡಿದವನು, ಫೈಲಿಗೆ ಸಹಿ ಹಾಕುವವನು, ಟಿವಿಯಲ್ಲಿ ಸುದ್ದಿ ಓದುವವಳು, ಇವರೆಲ್ಲ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕುತ್ತಿರುತ್ತಾರೆ: ಮುಂದಿನ ತಿಂಗಳ ಸಂಬಳ ಕೊಡುವವನು ಯಾರು? ‘ಇವನೇ’ ಅನಿಸಿದರೆ ಸರ್ಕಾರ ಉಳಿಯುತ್ತದೆ. ತಪ್ಪಿದ್ದರೆ ತಿದ್ದಿ.

ಸುಮ್ನೆ_ಓದುಗ

ಇದಕ್ಕೆ ಇಷ್ಟುದ್ದ ಯಾಕೆ ಸರ್? ಗುಂಡು ಹೊಡೆಸಿದವನು ಉಳೀತಾನೆ, ಹೊಡೆಸದವನು ಹೋಗ್ತಾನೆ. ಮುಗೀತು.

ಹಳೇ_ರೇಡಿಯೊ

@ಸುಮ್ನೆ_ಓದುಗ, ಹೊಡೆಸೋದು ಸರಿ. ಹೊಡೆಯೋನು ಯಾರು? ಗಂಟು ಇರುವುದೇ ಅಲ್ಲಿ.

1989ರ ಬೀಜಿಂಗ್ ವಿದ್ಯಾರ್ಥಿ ಚಳವಳಿ ತೆಗೆದುಕೊಳ್ಳಿ. ನಾವೆಲ್ಲ ನೆನಪಿಟ್ಟುಕೊಂಡಿರುವುದು ಟ್ಯಾಂಕ್ ಮುಂದೆ ನಿಂತ ಆ ಒಬ್ಬ ಮನುಷ್ಯನನ್ನು. ಅದಕ್ಕೂ ಎರಡು ವಾರ ಮೊದಲಿನ ಕಥೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮೇ 20ಕ್ಕೆ ಮಿಲಿಟರಿ ಆಡಳಿತ ಘೋಷಣೆಯಾಯಿತು. ಸೈನಿಕರ ಲಾರಿಗಳು ನಗರಕ್ಕೆ ಬಂದವು. ಜನ ರಸ್ತೆಗೆ ಅಡ್ಡ ಕೂತರು. ಲಾರಿ ಹತ್ತಿ ಮಾತಾಡಿಸಿದರು, ನೀರು ಊಟ ಕೊಟ್ಟರು. ಸೈನಿಕರು ಮುಂದಕ್ಕೆ ಹೋಗಲಾಗದೆ ವಾಪಸ್ ಹೋದರು.

ಆಗಲೇ ಇನ್ನೊಂದು ಘಟನೆ. 38ನೇ ಸೇನಾ ತುಕಡಿಯ ಕಮಾಂಡರ್ ಶು ಚಿನ್‌ಶಿಯೆನ್. ಕಿಡ್ನಿ ಕಲ್ಲಿನ ತೊಂದರೆಯಿಂದ ಆಸ್ಪತ್ರೆ ಸೇರಿದ್ದ. ಅಲ್ಲಿಂದ ಕರೆಸಿ, ತುಕಡಿಯನ್ನು ಬೀಜಿಂಗ್‌ಗೆ ನುಗ್ಗಿಸು ಅಂತ ಆದೇಶ ಕೊಟ್ಟರು. ನಾನು ಮುಂದೆ ನಿಂತು ನಡೆಸುವುದಿಲ್ಲ ಅಂದುಬಿಟ್ಟ. ಆಮೇಲೆ ಕೋರ್ಟ್ ಮಾರ್ಷಲ್ ಆಯಿತು, ಪಕ್ಷದಿಂದ ಹೊರಗೆ ಹಾಕಿದರು, ಐದು ವರ್ಷ ಜೈಲು.

ಹಾಗಾದರೆ ಸರ್ಕಾರ ಬೀಳಬೇಕಿತ್ತು ಅಲ್ವಾ? ಬೀಳಲಿಲ್ಲ. ಅವನನ್ನು ಪಕ್ಕಕ್ಕಿಟ್ಟು ಬೇರೆಯವರ ಕೈಗೆ ಅದೇ 38ನೇ ತುಕಡಿಯನ್ನು ಕೊಟ್ಟರು. ಜೂನ್ 3ರ ರಾತ್ರಿ ಪಶ್ಚಿಮದ ಕಡೆಯಿಂದ ಗುಂಡು ಹಾರಿಸುತ್ತಾ ಒಳಬಂದದ್ದು ಅದೇ ತುಕಡಿ. ದೂರದೂರದಿಂದಲೂ ತುಕಡಿಗಳನ್ನು ತರಿಸಿದ್ದರು.

ಒಬ್ಬ ದೊಡ್ಡ ಅಧಿಕಾರಿ ಇಲ್ಲ ಅಂದರೆ ಸಾಲದು. ಅವನು ಇಲ್ಲ ಅಂದದ್ದು ಪಕ್ಕದವನಿಗೆ ಗೊತ್ತಾಗಬೇಕು. ಪಕ್ಕದವನೂ ಇಲ್ಲ ಅನ್ನಬೇಕು. ಸುದ್ದಿ ಹರಡುವ ಮೊದಲೇ ಅವನನ್ನು ಬದಲಾಯಿಸಿಬಿಟ್ಟರೆ, ಅಷ್ಟೇ, ಬೀಸೋ ದೊಣ್ಣೆ ತಪ್ಪಿತು, ಸಾವಿರ ವರ್ಷ ಆಯುಸ್ಸು.

ಮರಳುಗಾಳಿ

ನಾನು 2011ರಲ್ಲಿ ಬಹ್ರೈನ್‌ನ ಮನಾಮದಲ್ಲಿ ಕೆಲಸಕ್ಕಿದ್ದೆ ಮಾರಾಯ್ರೆ. ಓದಿದ್ದಲ್ಲ, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಅಲ್ಲಿ ಪರ್ಲ್ ರೌಂಡ್‌ಅಬೌಟ್ ಅಂತ ಒಂದು ದೊಡ್ಡ ವೃತ್ತ. ನಡುವೆ ಆರು ಕಂಬ ಮೇಲಕ್ಕೆ ಬಾಗಿ ಒಂದು ಮುತ್ತನ್ನು ಹಿಡಿದುಕೊಂಡಂತೆ ಸ್ಮಾರಕ. 1982ರಲ್ಲಿ ಕೊಲ್ಲಿ ದೇಶಗಳ ಒಕ್ಕೂಟದ ಸಭೆಗೆ ಕಟ್ಟಿದ್ದು. ಆರು ಕಂಬ ಅಂದರೆ ಆರು ದೇಶ. ಫೆಬ್ರುವರಿ 15ಕ್ಕೆ ಜನ ಅಲ್ಲಿ ಸೇರಲು ಶುರು ಮಾಡಿದರು. ಅಷ್ಟು ಸಣ್ಣ ದೇಶ, ಸೇರಿದ ಜನ ನೋಡಿದರೆ ದೇಶವೇ ಬಂದು ಕೂತ ಹಾಗೆ ಇತ್ತು.

ಮಾರ್ಚ್ 14ಕ್ಕೆ ಸಮುದ್ರದ ಮೇಲಿನ ಸೇತುವೆ ದಾಟಿ ಸೌದಿ ಸೈನ್ಯ ಬಂತು, ಸುಮಾರು ಸಾವಿರ ಜನ. ಎಮಿರೇಟ್ಸ್‌ನಿಂದ ಪೊಲೀಸರು. 16ಕ್ಕೆ ವೃತ್ತ ಖಾಲಿ. 18ಕ್ಕೆ ಆ ಸ್ಮಾರಕವನ್ನೇ ಕೆಡವಿ ಹಾಕಿದರು. ಕೆಡವುವಾಗ ಕಾಂಕ್ರೀಟ್ ಮೇಲೆ ಬಿದ್ದು ಕ್ರೇನ್ ಓಡಿಸುತ್ತಿದ್ದ ಪಾಪದವನೊಬ್ಬ ಸತ್ತ. ಆರು ದೇಶಗಳ ಒಗ್ಗಟ್ಟಿಗೆ ಕಟ್ಟಿದ್ದನ್ನು ಆ ಒಗ್ಗಟ್ಟಿನ ಸೈನ್ಯ ಬಂದ ನಾಲ್ಕೇ ದಿನಕ್ಕೆ ಉರುಳಿಸಿದ್ದು. ಅದೇ ಸ್ಮಾರಕ 500 ಫಿಲ್ಸ್ ನಾಣ್ಯದ ಮೇಲೂ ಇತ್ತು. ಆ ನಾಣ್ಯವನ್ನೂ ವಾಪಸ್ ತೆಗೆದುಕೊಂಡರು.

ನಾನು ಹೇಳಬೇಕೆಂದದ್ದು ಇದಲ್ಲ. ಆ ದಿನಗಳಲ್ಲಿ ಎಲ್ಲ ಕಡೆ ಚೆಕ್‌ಪೋಸ್ಟ್. ಒಂದು ಸಂಜೆ ನನ್ನನ್ನು ನಿಲ್ಲಿಸಿದ ಪೊಲೀಸಿನವನು ಅರಬ್ಬಿಯಲ್ಲಿ ಎರಡು ಮಾತು ತಡವರಿಸಿದ. ಆಮೇಲೆ ನನ್ನ ಕಾರ್ಡ್ ನೋಡಿ ಉರ್ದುವಿಗೆ ಇಳಿದ. ನಾನೂ ಧೈರ್ಯ ಮಾಡಿ ಕೇಳಿದೆ, ಎಲ್ಲಿಯವರು ಅಂತ. ಪಾಕಿಸ್ತಾನದವ. ಸಂಬಳ ಪರವಾಗಿಲ್ಲ, ಮನೆ ಕೊಟ್ಟಿದ್ದಾರೆ, ಮುಂದೆ ಇಲ್ಲಿನ ಪೌರತ್ವವೂ ಸಿಗಬಹುದು ಅಂದ. ಒಳ್ಳೆಯವನೇ, ನಗುತ್ತಾ ಕಳಿಸಿದ.

ಆ ವೃತ್ತದಲ್ಲಿ ಕೂತವರಲ್ಲಿ ಅವನ ಮಾವ ಇಲ್ಲ, ಭಾವ ಇಲ್ಲ, ಒಟ್ಟಿಗೆ ಶಾಲೆಗೆ ಹೋದವ ಒಬ್ಬನೂ ಇಲ್ಲ. ಅಲ್ಲಿ ಬೀದಿಗೆ ಬಂದವರು ಹೆಚ್ಚಿನವರು ಶಿಯಾಗಳು, ಆಳುವ ಮನೆತನ ಸುನ್ನಿ, ಪೊಲೀಸಿಗೆ ಪಾಕಿಸ್ತಾನ, ಯೆಮನ್, ಜೋರ್ಡಾನ್, ಸಿರಿಯಾಗಳಿಂದ ಸೇರಿಸಿಕೊಂಡದ್ದು ಸುನ್ನಿಗಳನ್ನೇ. ಅವನಿಗೆ ‘ನಮ್ಮ ಜನಕ್ಕೆ ಹೊಡೆಯುತ್ತಿದ್ದೇನೆ’ ಅಂತ ಯಾಕೆ ಅನಿಸಬೇಕು?

ಕಟ್ಟೆಮಾತು

@ಮರಳುಗಾಳಿ, ಅಬ್ಬಾ. ನಾಣ್ಯದ ವಿಷಯ ಗೊತ್ತೇ ಇರಲಿಲ್ಲ. ನನ್ನ ಸಂಬಳದ ಲೆಕ್ಕಕ್ಕೆ ಇದನ್ನೂ ಸೇರಿಸಬೇಕು: ಎದುರಿಗೆ ನಿಂತವನು ನನ್ನವನಾ ಅಲ್ವಾ?

ಲೆಕ್ಕದ_ಪುಸ್ತಕ

ಎಲ್ಲರೂ ಬಂದೂಕಿನ ಸುತ್ತಲೇ ಗಿರಕಿ ಹೊಡೆಯುತ್ತಿದ್ದೀರಿ. ಸ್ವಲ್ಪ ದುಡ್ಡಿನ ಕಡೆಗೂ ಬನ್ನಿ.

ಬೆಲಾರುಸ್‌ನಲ್ಲಿ ದೊಡ್ಡ ಕಾರ್ಖಾನೆಗಳೆಲ್ಲ ಸರ್ಕಾರದ್ದೇ. ಕಾರ್ಮಿಕರಲ್ಲಿ ಹೆಚ್ಚಿನವರು ಕಾಯಂ ಅಲ್ಲ, ಗುತ್ತಿಗೆ ಮೇಲೆ ಇರುವವರು. ತುಂಬಾ ಜನರದ್ದು ಒಂದೇ ವರ್ಷದ ಗುತ್ತಿಗೆ. ಮುಗಿದ ಮೇಲೆ ಮುಂದುವರಿಸದಿದ್ದರೆ ಆಯಿತು, ತೆಗೆದುಹಾಕಿದೆವು ಅಂತಲೂ ಹೇಳಬೇಕಾಗಿಲ್ಲ. ಸೋಮವಾರ ‘ತೊಲಗು’ ಅಂತ ಕೂಗಿದವನು ಶುಕ್ರವಾರ ಮನೆಯಲ್ಲಿ ಕೂತು ಯೋಚಿಸುತ್ತಾನೆ. ಈ ಕೆಲಸ ಹೋದರೆ ಇನ್ನೊಂದು ಕಾರ್ಖಾನೆಗೆ ಹೋಗೋಣ ಅಂದರೆ ಅದೂ ಅದೇ ಧಣಿಯದ್ದು. ಮುಷ್ಕರ ಶುರುವಾದದ್ದು ನಿಜ, ಆದರೆ ಕಟ್ಟಿಕೊಂಡು ನಿಲ್ಲಲಿಲ್ಲ.

ಇದನ್ನು 1978ರ ಇರಾನ್ ಜೊತೆ ಇಟ್ಟು ನೋಡಿ. ಅಲ್ಲಿನ ದೊರೆ ಷಾನ ಹತ್ತಿರ ಸೈನ್ಯ ಇರಲಿಲ್ಲವಾ? ಆ ಭಾಗದಲ್ಲೇ ದೊಡ್ಡ ಸೈನ್ಯ ಅವನದ್ದು. ಆದರೆ ಎಣ್ಣೆ ಬಾವಿಗಳ ಕಾರ್ಮಿಕರು ಕೆಲಸ ನಿಲ್ಲಿಸಿದರು. ಬಜಾರಿನ ವರ್ತಕರು ಬಾಗಿಲು ಹಾಕಿದರು. ಖಜಾನೆಗೆ ಬರುವ ದುಡ್ಡೇ ನಿಂತಿತು. 1979ರ ಫೆಬ್ರುವರಿ 11ಕ್ಕೆ ಸೈನ್ಯ ‘ನಾವು ಯಾರ ಕಡೆಯೂ ಅಲ್ಲ’ ಅಂದಿತು. ಅಲ್ಲಿಗೆ ಕಥೆ ಮುಗಿಯಿತು.

ಮಜಾ ಏನು ಅಂದರೆ, ಆಮೇಲೆ ಬಂದವರು ಆ ಪಾಠವನ್ನು ಚೆನ್ನಾಗಿ ಕಲಿತರು. ಮಾಮೂಲಿ ಸೈನ್ಯವನ್ನು ನಂಬದೆ ಅದರ ಪಕ್ಕದಲ್ಲೇ ಕ್ರಾಂತಿಕಾರಿ ಕಾವಲು ಪಡೆ ಕಟ್ಟಿದರು. ಅದಕ್ಕೆ ರಸ್ತೆ, ಅಣೆಕಟ್ಟು, ಎಣ್ಣೆ ಗುತ್ತಿಗೆಗಳನ್ನು ಕೊಟ್ಟರು. ಗಲ್ಲಿಗಲ್ಲಿಯಲ್ಲೂ ಅದರ ಸ್ವಯಂಸೇವಕ ಪಡೆಯಾದ ಬಸೀಜ್ ಹುಡುಗರು. 2009, 2019, 2022 ಮೂರು ಪ್ರತಿಭಟನೆಯ ಅಲೆಯನ್ನೂ ದಾಟಿದ್ದು ಹೀಗೆ. 2022ರದ್ದರಲ್ಲಿ 500ಕ್ಕೂ ಹೆಚ್ಚು ಜನ ಸತ್ತರು ಅಂತ ಮಾನವ ಹಕ್ಕು ಸಂಘಟನೆಗಳು ಲೆಕ್ಕ ಕೊಟ್ಟವು. ಆ ಕಾವಲು ಪಡೆಯವನಿಗೆ ಸರ್ಕಾರ ಬಿದ್ದರೆ ಹೋಗುವುದು ಸಂಬಳ ಮಾತ್ರ ಅಲ್ಲ. ಕಂಪನಿ ಹೋಗುತ್ತದೆ. ಜೈಲೂ ಆಗಬಹುದು.

ಎಣ್ಣೆ ದುಡ್ಡು ಇರುವವರ ದಾರಿ ಇನ್ನೂ ಸುಲಭ. 2011ರಲ್ಲಿ ಸೌದಿ ದೊರೆ ಅಬ್ದುಲ್ಲಾ ಘೋಷಿಸಿದ ಪ್ಯಾಕೇಜ್ ಸುಮಾರು 130 ಬಿಲಿಯನ್ ಡಾಲರ್. ಮನೆ, ಸಂಬಳ, ಭತ್ಯೆ, ಜೊತೆಗೆ ಒಳಾಡಳಿತ ಇಲಾಖೆಯಲ್ಲಿ 60 ಸಾವಿರ ಹೊಸ ಕೆಲಸ. ಬೀದಿಗೆ ಇಳಿಯಬಹುದಾದ ಹುಡುಗನಿಗೇ ಸಮವಸ್ತ್ರ ಹೊಲಿಸಿಕೊಟ್ಟ ಹಾಗೆ.

ಸುಮ್ನೆ_ಓದುಗ

ಶೇ 3.5 ಜನ ಬೀದಿಗೆ ಬಂದರೆ ಯಾವ ಸರ್ಕಾರವೂ ಉಳಿಯಲ್ಲ ಅಂತ ಎಲ್ಲೋ ಓದಿದ್ದೆ. ಅದು ಸುಳ್ಳಾ ಹಾಗಾದ್ರೆ?

ಲೆಕ್ಕದ_ಪುಸ್ತಕ

ಸುಳ್ಳಲ್ಲ, ಆದರೆ ಅದನ್ನು ಮಂತ್ರ ಮಾಡಿಕೊಂಡುಬಿಟ್ಟಿದ್ದಾರೆ. ಎರಿಕಾ ಚೆನೊವೆತ್ ಎಂಬ ವಿದ್ವಾಂಸೆ 1900ರಿಂದ 2006ರವರೆಗಿನ 323 ಹೋರಾಟಗಳನ್ನು ಮರಿಯಾ ಸ್ಟೀಫನ್ ಜೊತೆ ಸೇರಿ ಲೆಕ್ಕ ಹಾಕಿದ್ದರು. ಹಿಂಸೆ ಇಲ್ಲದ ಹೋರಾಟಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗೆದ್ದಿದ್ದವು, ಬಂದೂಕು ಹಿಡಿದವುಗಳಲ್ಲಿ ಕಾಲು ಭಾಗ. ಶೇ 3.5ರ ಮಾತು ಬಂದದ್ದು ಆ ಲೆಕ್ಕದಿಂದ. ಅದು ಆಗಿಹೋದದ್ದರ ಲೆಕ್ಕ, ಮುಂದಿನದ್ದಕ್ಕೆ ಗ್ಯಾರಂಟಿ ಅಲ್ಲ ಅಂತ ಅವರೇ ಆಮೇಲೆ ಬರೆದಿದ್ದಾರೆ. ಆ ಗಡಿ ದಾಟಿಯೂ ಸೋತದ್ದಕ್ಕೆ ಅವರೇ ಕೊಟ್ಟ ಉದಾಹರಣೆಯಲ್ಲಿ ಬಹ್ರೈನ್ ಇದೆ. ಮರಳುಗಾಳಿ ಅವರು ನೋಡಿದ್ದೇ ಅದು. 2010ರಿಂದ ಈಚೆಗೆ ಗೆಲ್ಲುವ ಪ್ರಮಾಣ ಇಳಿದಿದೆ ಅಂತಲೂ ಅವರ ಲೆಕ್ಕ. ಸರ್ವಾಧಿಕಾರಿಗಳೂ ಪೇಪರ್ ಓದುತ್ತಾರಲ್ಲ!

ಇನ್ನೊಂದು, ಆ ಶೇ 3.5 ಯಾರು ಅನ್ನುವುದು ಮುಖ್ಯ. ಹತ್ತು ವಿದ್ಯಾರ್ಥಿಗಳು ಕ್ಲಾಸಿಗೆ ಹೋಗದಿದ್ದರೆ ಸರ್ಕಾರಕ್ಕೆ ಏನೂ ಆಗುವುದಿಲ್ಲ. ಹತ್ತು ರೈಲು ಚಾಲಕರು ರಜೆ ಹಾಕಿದರೆ ಆಗುತ್ತದೆ.

ನಡುಹಗಲು

ಇಂಟರ್‌ನೆಟ್ ಕಡಿತದ ಬಗ್ಗೆ ಯಾರೂ ಹೇಳಲಿಲ್ಲ. 2019ರ ನವೆಂಬರ್‌ನಲ್ಲಿ ಇರಾನ್ ಹೆಚ್ಚುಕಡಿಮೆ ಒಂದು ವಾರ ಇಡೀ ದೇಶದ ಸಂಪರ್ಕ ಕತ್ತರಿಸಿತ್ತು. ಅದೇ ಅಲ್ವಾ ಈಗಿನ ದೊಡ್ಡ ಅಸ್ತ್ರ?

ಹಳೇ_ರೇಡಿಯೊ

ಅಸ್ತ್ರ ಹೌದು, ಆದರೆ ಎರಡು ಅಲಗಿನದ್ದು. ಬಾಂಗ್ಲಾದೇಶದಲ್ಲಿ 2024ರ ಜುಲೈನಲ್ಲಿ ಶೇಖ್ ಹಸೀನಾ ಸರ್ಕಾರವೂ ಇಂಟರ್‌ನೆಟ್ ನಿಲ್ಲಿಸಿತ್ತು. ಪೊಲೀಸರು ಗುಂಡೂ ಹೊಡೆದರು. ವಿಶ್ವಸಂಸ್ಥೆಯ ಅಂದಾಜಿನಲ್ಲಿ ಸತ್ತವರು 1400ರವರೆಗೆ. ಆದರೂ ಆಗಸ್ಟ್ 5ಕ್ಕೆ ಹೆಲಿಕಾಪ್ಟರ್ ಹತ್ತಬೇಕಾಯಿತು. ಕೊನೆಗೆ ಸೈನ್ಯ ಜನರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. @ಸುಮ್ನೆ_ಓದುಗ, ‘ಹೊಡೆಸಿದವನು ಉಳೀತಾನೆ’ ಅಂದಿರಲ್ಲ, ಇಲ್ಲಿ ಹೊಡೆಸಿಯೂ ಉಳಿಯಲಿಲ್ಲ ನೋಡಿ.

ಸುಮ್ನೆ_ಓದುಗ

ಸರಿ ಸರ್, ಒಪ್ಕೊಂಡೆ. ಅರ್ಧ ಒಪ್ಕೊಂಡೆ.

ಹಳೇ_ರೇಡಿಯೊ

ಉಳಿದ ಅರ್ಧಕ್ಕೆ ರುಮೇನಿಯಾ ಕೊಡುತ್ತೇನೆ.

1989ರ ಡಿಸೆಂಬರ್ 21. ಬುಕಾರೆಸ್ಟ್. ಅಧ್ಯಕ್ಷ ಚೌಷೆಸ್ಕು ತನ್ನ ಪರವಾಗಿ ತಾನೇ ಸಭೆ ಸೇರಿಸಿದ್ದ. ಕಾರ್ಖಾನೆಗಳಿಂದ ಜನರನ್ನು ಕರೆತಂದು, ಕೈಗೆ ಬಾವುಟ ಕೊಟ್ಟು ನಿಲ್ಲಿಸಿದ್ದರು. ಟಿವಿಯಲ್ಲಿ ನೇರ ಪ್ರಸಾರ. ಬಾಲ್ಕನಿಯಲ್ಲಿ ನಿಂತು ಮಾತಾಡುತ್ತಿದ್ದಾನೆ, ಎಲ್ಲೋ ಹಿಂದಿನಿಂದ ಗದ್ದಲ ಶುರುವಾಗುತ್ತದೆ. ಅವನು ಮಾತು ನಿಲ್ಲಿಸಿ ಕೈ ಮೇಲೆತ್ತುತ್ತಾನೆ. ‘ಅಲೊ, ಅಲೊ’ ಅನ್ನುತ್ತಾನೆ, ಲೈನ್ ಕಟ್ಟಾದ ಫೋನಿನಲ್ಲಿ ಕೂಗಿದ ಹಾಗೆ. ಪ್ರಸಾರ ಸ್ವಲ್ಪ ಹೊತ್ತು ಕಡಿದುಹೋಗುತ್ತದೆ. ಮತ್ತೆ ಬಂದಾಗ ಸಂಬಳ ಜಾಸ್ತಿ ಮಾಡುತ್ತೇನೆ ಅಂತ ಶುರು ಮಾಡುತ್ತಾನೆ!

ಮರುದಿನ ರಕ್ಷಣಾ ಮಂತ್ರಿ ಗುಂಡೇಟಿನಿಂದ ಸತ್ತ ಸುದ್ದಿ ಬಂತು, ಸೈನ್ಯ ತಿರುಗಿಬಿತ್ತು. ಅವತ್ತೇ ಅವನು ಹೆಲಿಕಾಪ್ಟರ್‌ನಲ್ಲಿ ಓಡಿದ. 25ಕ್ಕೆ ಗುಂಡಿಟ್ಟು ಕೊಂದರು.

ಆ ಒಂದು ನಿಮಿಷದಲ್ಲಿ ಆಗಿದ್ದೇನು? ಅಲ್ಲಿದ್ದವರಲ್ಲಿ ಎಷ್ಟೋ ಜನಕ್ಕೆ ಅವನನ್ನು ಕಂಡರೆ ಮೊದಲೇ ಆಗುತ್ತಿರಲಿಲ್ಲ. ಆದರೆ ಪಕ್ಕದವನಿಗೂ ಆಗುವುದಿಲ್ಲ ಅನ್ನುವುದು ಗೊತ್ತಿರಲಿಲ್ಲ. ಗೊತ್ತಾಯಿತು. ಅವನು ಹೆದರಿದ್ದು ದೇಶಕ್ಕೆಲ್ಲ ಕಂಡಿತು. ಕಂಡವರಲ್ಲಿ ಸೈನ್ಯದ ಅಧಿಕಾರಿಗಳೂ ಇದ್ದರು. ನಾಳೆ ಇವನು ಇರುವುದಿಲ್ಲ ಅಂತ ಅವರಿಗೆ ಒಮ್ಮೆ ಅನಿಸಿದರೆ, ಮೊದಲು ಕಾಲ್ತೆಗೆದವನೇ ಜಾಣ.

ಲುಕಶೆಂಕೊ ಕಾರ್ಖಾನೆಯಲ್ಲಿ ಮರ್ಯಾದೆ ಕಳೆದುಕೊಂಡ, ನಿಜ. ಆದರೆ ಆರು ದಿನಕ್ಕೆ, ಆಗಸ್ಟ್ 23ರಂದು, ಗುಂಡು ತಡೆಯುವ ಕವಚ ಹಾಕಿ, ಕೈಯಲ್ಲಿ ರೈಫಲ್ ಹಿಡಿದು ಹೆಲಿಕಾಪ್ಟರ್‌ನಿಂದ ಇಳಿದ. ನಾವೆಲ್ಲ ನಕ್ಕೆವು. ಅದು ನಮಗೆ ತೋರಿಸಿದ್ದಲ್ಲ. ಅವನ ಪೊಲೀಸರಿಗೆ ತೋರಿಸಿದ್ದು: ನಾನು ಓಡುವುದಿಲ್ಲ, ನೀವೂ ಓಡಬೇಡಿ. ಅದೇ ವಾರ ಪುಟಿನ್, ಬೇಕಾದರೆ ಕಳಿಸೋಕೆ ಪೊಲೀಸ್ ಪಡೆ ಸಿದ್ಧ ಇಟ್ಟಿದ್ದೇನೆ ಅಂದ. ಸೆಪ್ಟೆಂಬರ್‌ನಲ್ಲಿ 1.5 ಬಿಲಿಯನ್ ಡಾಲರ್ ಸಾಲದ ಮಾತೂ ಆಯಿತು. ಕೆಲವು ಪೊಲೀಸರು ಸಮವಸ್ತ್ರವನ್ನು ಕಸದ ಬುಟ್ಟಿಗೆ ಹಾಕಿದ ವಿಡಿಯೊಗಳು ಬಂದಿದ್ದವು, ನೆನಪಿದೆಯಾ? ಪುಟಿನ್ ಮಾತಾಡಿದ ಮೇಲೆ ಅಂಥವು ಕಡಿಮೆಯಾದವು.

ಕಟ್ಟೆಮಾತು

‘ಪೊಲೀಸರಿಗೆ ತೋರಿಸಿದ್ದು’ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಪಂದ್ಯ ಸೋತದ್ದು ಯಾಕೆ ಅಂತ ಈಗ ಗೊತ್ತಾಗುತ್ತಿದೆ. ನಾನು ಕೂಗಿದವರ ಮುಖ ನೋಡುತ್ತಿದ್ದೆ, ಅವನ ಹಿಂದೆ ನಿಂತಿದ್ದವರ ಮುಖ ನೋಡಲಿಲ್ಲ.

ನಡುಹಗಲು

ಒಂದು ತಕರಾರು. ನೀವೆಲ್ಲ ‘ಬಿತ್ತು’ ಅಂತ ಎಣಿಸಿದವುಗಳಲ್ಲಿ ಅರ್ಧ ನಿಜವಾಗಿ ಬಿದ್ದಿಲ್ಲ.

ಮುಬಾರಕ್ ಹೋದ. ಅಧಿಕಾರ ಯಾರ ಕೈಗೆ ಬಂತು? ಸೈನ್ಯದ ಕೌನ್ಸಿಲ್ ಕೈಗೆ. ಸೈನ್ಯಕ್ಕೆ ಅವನ ಮಗ ಗಮಾಲ್ ಮುಂದೆ ಬರುವುದು ಬೇಕಿರಲಿಲ್ಲ, ಜನ ಆ ಕೆಲಸ ಸಲೀಸು ಮಾಡಿಕೊಟ್ಟರು. 2013ರ ಜುಲೈನಲ್ಲಿ ಸೇನಾ ಮುಖ್ಯಸ್ಥ ಸಿಸಿ ಬಂದ. ಆಗಸ್ಟ್ 14ಕ್ಕೆ ಕೈರೋದ ರಬಾ ಚೌಕದಲ್ಲಿ ಒಂದೇ ದಿನ ನೂರಾರು ಜನರನ್ನು ಕೊಂದದ್ದು ಅದೇ ವ್ಯವಸ್ಥೆ.

ಅಲ್ಜೀರಿಯಾ ಇನ್ನೂ ನಾಜೂಕು. 2019ರ ಫೆಬ್ರುವರಿಯಿಂದ ಪ್ರತಿ ಶುಕ್ರವಾರ ಜನ ಬೀದಿಗೆ ಬಂದರು, ಶಾಂತವಾಗಿ, ಹಾಡುತ್ತಾ. ಏಪ್ರಿಲ್ 2ಕ್ಕೆ ಅಧ್ಯಕ್ಷ ಬುತೆಫ್ಲಿಕಾ ರಾಜೀನಾಮೆ ಕೊಟ್ಟ. ಕೊಡು ಅಂದವನು ಸೇನಾ ಮುಖ್ಯಸ್ಥ. ಡಿಸೆಂಬರ್‌ನಲ್ಲಿ ಅದೇ ಸರ್ಕಾರದಲ್ಲಿ ಪ್ರಧಾನಿಯಾಗಿದ್ದ ತೆಬೂನ್ ಅಧ್ಯಕ್ಷನಾದ. ಮತ ಹಾಕಿದವರು ಅಧಿಕೃತ ಲೆಕ್ಕದಲ್ಲೇ ಶೇ 40ರಷ್ಟು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೇಲಿದ್ದ ಮುದುಕನನ್ನು ಇಳಿಸಿ ಕುರ್ಚಿ ಉಳಿಸಿಕೊಂಡರು.

ಮರಳುಗಾಳಿ

ಹೌದು ಹೌದು. ಮೊರಾಕೊದ ದೊರೆ ಅಷ್ಟೂ ಕಷ್ಟಪಡಲಿಲ್ಲ. 2011ರ ಜುಲೈಯಲ್ಲಿ ಹೊಸ ಸಂವಿಧಾನಕ್ಕೆ ಜನಮತ ತೆಗೆದುಕೊಂಡ. ಪ್ರಧಾನಿಯನ್ನು ಬೈಯಿರಿ, ನನ್ನನ್ನು ಬಿಡಿ ಅಂತ ಲೆಕ್ಕ. ದೊರೆಗಳಿಗೆ ಈ ಅನುಕೂಲ ಉಂಟು ನೋಡಿ. ಅಧ್ಯಕ್ಷನಾದವನಿಗೆ ಬೈಗುಳ ದಾಟಿಸಲಿಕ್ಕೆ ಬೇರೆ ತಲೆ ಸಿಗುವುದಿಲ್ಲ.

ಲೆಕ್ಕದ_ಪುಸ್ತಕ

ಎರಡನೇ ಪಡೆ ಕಟ್ಟುವುದರ ಬಗ್ಗೆ ಇರಾನ್ ಉದಾಹರಣೆ ಕೊಟ್ಟೆ. ಅದು ಉಲ್ಟಾ ಹೊಡೆದದ್ದೂ ಇದೆ, ಸೂಡಾನ್. 2018ರ ಡಿಸೆಂಬರ್‌ನಲ್ಲಿ ಬ್ರೆಡ್ ಬೆಲೆ ಒಂದು ಪೌಂಡ್‌ನಿಂದ ಮೂರಕ್ಕೆ ಏರಿತು, ಅತ್ಬರಾ ಊರಿನಲ್ಲಿ ಜನ ಎದ್ದರು. 2019ರ ಏಪ್ರಿಲ್ 6ಕ್ಕೆ ಖಾರ್ಟೂಮ್‌ನಲ್ಲಿ ಸೈನ್ಯದ ಮುಖ್ಯ ಕಚೇರಿ ಎದುರೇ ಧರಣಿ ಕೂತರು. ತಾರೀಖು ಸುಮ್ನೆ ಆರಿಸಿದ್ದಲ್ಲ. 1985ರಲ್ಲಿ ಹಿಂದಿನ ಸರ್ವಾಧಿಕಾರಿ ನಿಮೇರಿ ಬಿದ್ದದ್ದು ಅದೇ ದಿನ. ಜಾಗವೂ ಅಷ್ಟೇ, ಕೇಳಬೇಕಾದವರ ಬಾಗಿಲಿಗೇ ಹೋಗಿ ಕೇಳಿದರು.

ಸೈನ್ಯದಿಂದ ತನಗೆ ಅಪಾಯ ಬರಬಾರದು ಅಂತ ಅಧ್ಯಕ್ಷ ಬಶೀರ್ ಪಕ್ಕದಲ್ಲಿ ಹೆಮೆದ್ತಿ ಎಂಬವನ ಅರೆಸೈನಿಕ ಆರ್‌ಎಸ್‌ಎಫ್ ಪಡೆಯನ್ನು ಬೆಳೆಸಿದ್ದ. ಏಪ್ರಿಲ್ 11ಕ್ಕೆ ಎರಡೂ ಪಡೆ ಸೇರಿಕೊಂಡು ಅವನನ್ನೇ ಇಳಿಸಿದವು. 30 ವರ್ಷದ ಆಳ್ವಿಕೆ ಐದು ದಿನದ ಧರಣಿಗೆ ಮುಗಿಯಿತು. ಜೂನ್ 3ಕ್ಕೆ ಅದೇ ಧರಣಿ ಜಾಗದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. 2023ರ ಏಪ್ರಿಲ್‌ನಿಂದ ಆ ಎರಡು ಪಡೆಗಳೇ ಹೊಡೆದಾಡಿಕೊಂಡು ದೇಶ ಸುಟ್ಟವು. ಬಶೀರ್ ಸಾಕಿದ ನಾಯಿ ಅವನನ್ನು ಕಚ್ಚಿ ಆಮೇಲೆ ಊರನ್ನೂ ಕಚ್ಚಿತು.

ನಿರ್ವಾಹಕ

ಒಬ್ಬರು ಇಲ್ಲಿನ ರಾಜಕೀಯ ಎಳೆದು ತಂದಿದ್ದರು, ತೆಗೆದಿದ್ದೇನೆ. ವಿಷಯ ಚೆನ್ನಾಗಿ ಹೋಗುತ್ತಿದೆ, ಹಾಗೇ ಹೋಗಲಿ.

ಸುಮ್ನೆ_ಓದುಗ

ಸಿರಿಯಾದ ಅಸಾದ್‌ನ ಎಲ್ಲಿಗೆ ಸೇರಿಸ್ತೀರಿ? ಉಳಿದವರ ಪಟ್ಟಿಗಾ, ಹೋದವರ ಪಟ್ಟಿಗಾ?

ಕಟ್ಟೆಮಾತು

ಒಳ್ಳೆ ಪ್ರಶ್ನೆ. 2011ರ ಮಾರ್ಚ್‌ನಲ್ಲಿ ದರಾದಲ್ಲಿ ಜನ ಎದ್ದಾಗ ಮುಬಾರಕ್ ಆದಮೇಲೆ ಇವನೇ ಅಂದುಕೊಂಡಿದ್ದರು. ಆದರೆ ಮುಖ್ಯ ತುಕಡಿಗಳ ಅಧಿಕಾರಿಗಳು ಹೆಚ್ಚಾಗಿ ಅವನದೇ ಅಲಾವಿ ಪಂಗಡದವರು, ನಾಲ್ಕನೇ ಡಿವಿಜನ್ ತಮ್ಮ ಮಾಹೇರ್ ಕೈಯಲ್ಲಿ. ಇವನು ಹೋದರೆ ನಮ್ಮ ಹೆಂಡತಿ ಮಕ್ಕಳ ಗತಿ ಏನು ಅನ್ನುವ ಭಯ. ಎಷ್ಟೋ ಸೈನಿಕರು ಬಿಟ್ಟು ಹೋದರೂ ಆ ತಿರುಳು ಒಡೆಯಲಿಲ್ಲ. 2015ರ ಸೆಪ್ಟೆಂಬರ್ ಕೊನೆಗೆ ರಷ್ಯಾದ ವಿಮಾನಗಳು ಬಂದವು. 13 ವರ್ಷ ದಾಟಿದ.

2024ರ ನವೆಂಬರ್ 27ಕ್ಕೆ ಇದ್ಲಿಬ್ ಕಡೆಯಿಂದ ಬಂಡುಕೋರರು ಹೊರಟರು. ಡಿಸೆಂಬರ್ 8ಕ್ಕೆ ದಮಾಸ್ಕಸ್. ಆಗ ಚೌಕದಲ್ಲಿ ಜನಸಾಗರವೇನೂ ಇರಲಿಲ್ಲ. ಸೈನಿಕರು ರಸ್ತೆಯಲ್ಲೇ ಸಮವಸ್ತ್ರ ಕಳಚಿ ಹಾಕಿ ಮನೆಗೆ ಹೋದರು. ರಷ್ಯಾ ಉಕ್ರೇನ್‌ನಲ್ಲಿ ಸಿಕ್ಕಿಕೊಂಡಿತ್ತು, ಅವನ ಬೆನ್ನಿಗಿದ್ದ ಹಿಜ್ಬುಲ್ಲಾ ಇಸ್ರೇಲ್ ಏಟಿಗೆ ಸೊರಗಿತ್ತು. ಸಂಬಳ ಹೊಟ್ಟೆಗೂ ಸಾಲುತ್ತಿರಲಿಲ್ಲ. ಡಿಸೆಂಬರ್ 4ಕ್ಕೆ ಅಸಾದ್ ಸೈನಿಕರ ಸಂಬಳ ಶೇ 50 ಏರಿಸಿದ. ಚೌಷೆಸ್ಕು ಬಾಲ್ಕನಿಯಲ್ಲಿ ಮಾಡಿದ್ದೂ ಅದನ್ನೇ ಅಲ್ವಾ? ಮರುದಿನವೇ ಹಮಾ ನಗರ ಕೈಬಿಟ್ಟಿತು.

ನನ್ನ ಮಟ್ಟಿಗೆ ಎರಡೂ ಪಟ್ಟಿಗೆ ಸೇರುತ್ತಾನೆ.

ಹಳೇ_ರೇಡಿಯೊ

ಒಂದು ಸಣ್ಣ ತಿದ್ದುಪಡಿ. ಆ ಶೇ 50 ಏರಿಕೆ ಎಲ್ಲರಿಗೂ ಇರಲಿಲ್ಲ. ಕಾಯಂ ಸೈನಿಕರಿಗೆ ಮಾತ್ರ. ಕಡ್ಡಾಯ ಸೇವೆ ಅಂತ ಮನೆಯಿಂದ ಎಳೆದು ತಂದ ಹುಡುಗರಿಗೆ ಇಲ್ಲ.

ಸುಮ್ನೆ_ಓದುಗ

ಚೆಕ್‌ಪೋಸ್ಟ್‌ಗಳಲ್ಲಿ ನಿಂತಿದ್ದವರು ಯಾರು?

ಹಳೇ_ರೇಡಿಯೊ

ಹೆಚ್ಚಾಗಿ ಆ ಹುಡುಗರೇ.